ದ್ವೀಪಕ್ಕೊಂದು ದಿನದ ಟ್ರಿಪ್ಪು

ಒಂಟಾರಿಯೋದ ವುಡ್‌ಬ್ರಿಡ್ಜಿನ ಕೈಗಾರಿಕಾ ಪ್ರದೇಶದಲ್ಲಿ, ಒಂದು ಟೈಲ್ಸ್ ಗೋದಾಮಿನ ಬೆನ್ನಿಗೆ ಅಂಟಿಕೊಂಡಂತೆ ನಮ್ಮ ಬಸ್ ಕಂಪನಿಯ ಆಫೀಸಿತ್ತು. ಅಲ್ಲಿ ಇಪ್ಪತ್ತಮೂರು ವರ್ಷ ಟ್ರಿಪ್ ಪ್ಲಾನರ್ ಆಗಿ ಕೆಲಸ ಮಾಡಿದೆ. ಶಾಲೆ, ಚರ್ಚು, ಗುರುದ್ವಾರ, ಹಿರಿಯರ ಸಂಘ, ಯಾರೇ ಬರಲಿ, ಅವರನ್ನು ಬೆಳಿಗ್ಗೆ ಬಸ್ಸು ಹತ್ತಿಸಿ, ಎಲ್ಲಿಗಾದರೂ ಕರೆದೊಯ್ದು, ಸಂಜೆಗೆ ಮನೆ ಮುಟ್ಟಿಸುವ ಯೋಜನೆ ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಊರು ಸುತ್ತಬಹುದೆಂದು ಹೊಸಬರು ಆಸೆಯಿಂದ ಬರುತ್ತಾರೆ. ಸುತ್ತುವವರು ಬೇರೆ. ನಾವು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಫೋನು ಮಾಡುವವರು. ನಾನು ಜನರನ್ನು ಕಳಿಸಿಕೊಟ್ಟ ಜಾಗಗಳಲ್ಲಿ ಅರ್ಧದಷ್ಟನ್ನು ನಾನೇ ಕಂಡಿರಲಿಲ್ಲ.

ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದ ಗುಣ ಅನುಮಾನ. ಅದನ್ನು ನನಗೆ ಕಲಿಸಿದ್ದು ಒಂದು ಸೇಬಿನ ತೋಟ. ಸೇರಿದ ಮೊದಲ ವರ್ಷ ನಲವತ್ತೆಂಟು ಜನ ಹಿರಿಯರನ್ನು ಅಲ್ಲಿಗೆ ಕಳಿಸಿದ್ದೆ. ತೋಟದವನಿಗೆ ಫೋನು ಮಾಡಿ, "ವಾಶ್‌ರೂಮ್ ಇದೆಯಾ?" ಎಂದು ಕೇಳಿದ್ದೆ. ಇದೆ ಎಂದಿದ್ದ. ಅವರು ಹೋಗಿ ನೋಡಿದರೆ ತೋಟದ ಮೂಲೆಯಲ್ಲಿ ನಿಂತ ಒಂದೇ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ. ಅಷ್ಟೂ ಜನ ಒಂದೂವರೆ ಗಂಟೆ ಅದರ ಮುಂದೆ ಸಾಲು ನಿಂತು, ಮರದ ಸೇಬನ್ನು ಕೈಯಲ್ಲಿ ಮುಟ್ಟದೆ ಹಿಂದಿರುಗಿದರು. ಮರುದಿನ ನಮ್ಮ ಯಜಮಾನ ಟೋನಿ ನನ್ನನ್ನು ಕರೆದ. ಇಟಲಿ ಮೂಲದವನು, ತಾನೇ ಹದಿನಾರು ವರ್ಷ ಬಸ್ಸು ಓಡಿಸಿ ಮೇಲೆ ಬಂದವನು. ಬೈಯಲಿಲ್ಲ. "ರಾಗ್, ಇದೆಯಾ ಅಂತ ಕೇಳಬೇಡ. ಎಷ್ಟಿದೆ ಅಂತ ಕೇಳು. ಎಷ್ಟಿದೆ ಅಂತ ಹೇಳಿದರೆ, ಅದರಲ್ಲಿ ಎಷ್ಟು ಕೆಟ್ಟಿದೆ ಅಂತ ಕೇಳು" ಎಂದ. ನನ್ನ ಹೆಸರು ರಾಘವೇಂದ್ರ ಉಡುಪ. ಟೋನಿಯ ಬಾಯಲ್ಲಿ ಅದು ಕೊನೆಯವರೆಗೂ ರಾಗ್ ಆಗಿಯೇ ಉಳಿಯಿತು.

ಅಂದಿನಿಂದ ನಾನು ಯಾರನ್ನೂ ನಂಬಲಿಲ್ಲ. ಪಾರ್ಕಿಂಗ್ ವಿಶಾಲವಾಗಿದೆ ಎಂದವನಿಗೆ ಬಸ್ಸು ತಿರುಗಿಸಲು ಎಷ್ಟು ಅಡಿ ಎಂದು ಕೇಳುತ್ತಿದ್ದೆ. ಊಟ ಸಸ್ಯಾಹಾರಿ ಎಂದವನಿಗೆ ಯಾವ ಎಣ್ಣೆ ಎಂದು ಕೇಳುತ್ತಿದ್ದೆ. ಮ್ಯಾಪು ತೋರಿಸುವ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸುತ್ತಿದ್ದೆ. ಹಿಂದಿರುಗಿ ಬಸ್ಸು ಹತ್ತಿದವರನ್ನು ಎರಡು ಸಲ ಎಣಿಸಿ ಎಂದು ಡ್ರೈವರಿಗೆ ಬರೆದುಕೊಡುತ್ತಿದ್ದೆ. ಆಫೀಸಿನಲ್ಲಿ ನನ್ನನ್ನು ಪೊಲೀಸಪ್ಪ ಎಂದು ತಮಾಷೆ ಮಾಡುತ್ತಿದ್ದರು.

ನನ್ನ ಕಾಲದಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಟೋನಿಯ ಗೋಡೆಯ ಮೇಲೆ ಒಂಟಾರಿಯೋದ ದೊಡ್ಡ ನಕ್ಷೆ, ಅದರ ತುಂಬ ಗುಂಡುಸೂಜಿ. ಪ್ರತಿ ಟ್ರಿಪ್ಪಿಗೂ ಟೈಪ್ ಮಾಡಿದ ಒಂದು ಹಾಳೆ. ಎಷ್ಟು ಗಂಟೆಗೆ ಎಲ್ಲಿ, ಎಷ್ಟು ನಿಮಿಷ, ಊಟ ಎಲ್ಲಿ, ಕೆಳಗೆ ಪ್ಲಾನ್ ಮಾಡಿದವನ ಹೆಸರು. ಕಂಪ್ಯೂಟರು ಬಂದ ಮೇಲೆ ಹಳೆಯ ಹಾಳೆಗಳೆಲ್ಲ ಅದರೊಳಗೆ ಸೇರಿದವು. ಹೊಸ ಗುಂಪು ಬಂದರೆ ಹಳೆಯದೊಂದನ್ನು ತೆರೆದು, ದಿನಾಂಕ ತಿದ್ದಿ, ಗುಂಪಿನ ಹೆಸರು ಹಾಕಿ ಕೊಡುವುದು ರೂಢಿಯಾಯಿತು. ಹತ್ತು ನಿಮಿಷದಲ್ಲಿ ಟ್ರಿಪ್ ತಯಾರು. ನಾನೂ ಹಾಗೆ ನೂರಾರು ಮಾಡಿದ್ದೇನೆ. ಒಂದೊಂದು ಸಾಲನ್ನು ಎಲ್ಲಿಂದ ತಂದೆ, ಯಾವ ಪ್ಯಾಂಫ್ಲೆಟ್ ನೋಡಿ ಬರೆದೆ ಎನ್ನುವುದು ನನಗೇ ಮರೆತುಹೋಗುತ್ತಿತ್ತು.

ಕೆಲಸದ ಕೊನೆಯ ವರ್ಷದಲ್ಲಿ ಶಾಂತಕ್ಕ ಫೋನು ಮಾಡಿದರು. ಧಾರವಾಡದಲ್ಲಿ ಶಾಲಾ ಶಿಕ್ಷಕಿಯಾಗಿದ್ದು ನಿವೃತ್ತಿಯಾದ ಮೇಲೆ ಸ್ಕಾರ್‌ಬರೋದ ಮಗಳ ಮನೆಗೆ ಬಂದವರು. ಅಲ್ಲಿನ ಕನ್ನಡ ಹಿರಿಯರನ್ನು ಕಲೆಹಾಕಿ ಪ್ರತಿ ಬುಧವಾರ ಲೈಬ್ರರಿಯಲ್ಲಿ ಸೇರಿಸುತ್ತಿದ್ದರು. ಅವರಿಗೆ ನಯಾಗರಾ ಎರಡು ಸಲ ತೋರಿಸಿದ್ದೆ. ಈ ಸಲವೂ ಅದೇ ಇರಬಹುದೆಂದು ಹಳೆಯ ಹಾಳೆ ತೆರೆದುಕೊಂಡೇ ಕೂತಿದ್ದೆ.

"ರಾಘವೇಂದ್ರ ಅವರ, ಈ ಸಲ ನೀರು ಬೀಳೂದು ನೋಡೂದು ಬ್ಯಾಡ್ರಿ. ನನ್ನ ಮೊಮ್ಮಗಳು ದಿನಾ ಮುಂಜಾನೆ ಸಾಲ್ಯಾಗ ಒಂದು ಮಾತು ಹೇಳ್ತಾಳಂತ, ಈ ಜಾಗಾ ಮೂಲನಿವಾಸಿಗಳ್ದು ಅಂತ. ನಾ ಕೇಳಿದೆ, ಅವರನ್ನ ನೀ ನೋಡಿಯೇನವಾ ಅಂತ. 'ನೋ ಅಜ್ಜಿ, ಐ ಡೋಂಟ್ ನೋ ಎನಿಬಡಿ' ಅಂದ್ಲು. ಇದೇನ್ರೀ ಇದು? ಒಬ್ಬರ ಮನ್ಯಾಗ ಇದ್ದು ಅವರ ಮುಖಾ ನೋಡಲಿಲ್ಲಂದ್ರ ಹೆಂಗ? ನಮ್ಮನ್ನ ಅವರ ಊರಿಗೆ ಕರಕೊಂಡು ಹೋಗ್ರಿ."

ನಗರದಿಂದ ಉತ್ತರಕ್ಕೆ ಎರಡೂವರೆ ಗಂಟೆ ದೂರದ ದೊಡ್ಡ ಸರೋವರವೊಂದರಲ್ಲಿ ಮೂಲನಿವಾಸಿಗಳ ದ್ವೀಪವೊಂದು ಇರುವುದು ನನಗೆ ಗೊತ್ತಿತ್ತು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅಲ್ಲಿಯವರೇ ಹೇಳಿದ್ದಾರೆ.

ಮುಂದಿನ ಬುಧವಾರ ಲೈಬ್ರರಿಗೆ ಹೋದೆ. ಹಿರಿಯರ ಪ್ರಶ್ನೆಗಳು ನನ್ನ ಪ್ರಶ್ನೆಗಳಿಗಿಂತ ಜೋರಾಗಿದ್ದವು. ಅಲ್ಲಿ ಬರೀ ಮಾಂಸವಂತೆ ಹೌದಾ? ಹೊರಗಿನವರನ್ನು ಬಿಡುತ್ತಾರಾ? ಎಲ್ಲದಕ್ಕಿಂತ ಹೆಚ್ಚು ಸಂಶಯ ನಂಜುಂಡಯ್ಯನವರಿಗೆ. ಮೈಸೂರಿನಲ್ಲಿ ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಆಗಿದ್ದವರು. ಕೊರಳಲ್ಲಿ ಯಾವಾಗಲೂ ಕ್ಯಾಮೆರಾ.

"ಅಲ್ಲಾ ಸ್ವಾಮಿ, ಸೇಫ್ಟಿಗೆ ಏನ್ ಗ್ಯಾರಂಟಿ? ಬೋಟು ಹೋಗ್ಬಿಟ್ರೆ ನಾವು ಅಲ್ಲೇನೆ. ಆಸ್ಪತ್ರೆ ಇದ್ಯಾ? ನೀವು ನೋಡಿದೀರಾ ಆ ಜಾಗಾನ?"

ನೋಡಿಲ್ಲ ಎಂದೆ. "ಹಾಗಾದ್ರೆ ಮೊದ್ಲು ನೀವು ನೋಡ್ಕೊಂಡು ಬನ್ನಿ" ಎಂದರು.

ದ್ವೀಪದ ಬ್ಯಾಂಡ್ ಆಫೀಸಿಗೆ, ಅಂದರೆ ಅವರ ಪಂಚಾಯಿತಿ ಕಚೇರಿಯಂಥದ್ದಕ್ಕೆ, ಫೋನು ಮಾಡಿದೆ. ಎತ್ತಿದ ಹೆಂಗಸು ತನ್ನ ಹೆಸರು ಮಾರ್ಲೀನ್ ಎಂದಳು. ಅಲ್ಲಿಯವರೆಗೆ ಫೋನಿನಲ್ಲಿ ಪ್ರಶ್ನೆ ಕೇಳುವವನು ನಾನು, ಉತ್ತರ ಕೊಡುವವರು ಅವರು. ಅವತ್ತು ತಿರುಗುಮುರುಗಾಯಿತು. ಎಷ್ಟು ಜನ? ಯಾರು? ಯಾಕೆ ಬರುತ್ತಾರೆ? ಬಂದು ಏನು ಮಾಡುತ್ತಾರೆ? ಫೋಟೋ ತೆಗೆಯುತ್ತಾರಾ? ತೆಗೆದು ಎಲ್ಲಿ ಹಾಕುತ್ತಾರೆ?

"ಸುಮ್ಮನೆ ನೋಡಲು ಬರುತ್ತಾರೆ" ಎಂದೆ.

"ಏನನ್ನು?"

"ಊರನ್ನು" ಎಂದೆ.

"ನಿಮ್ಮ ಹೆಸರಿನ ಸ್ಪೆಲಿಂಗ್ ಹೇಳಿ" ಎಂದಳು. ಹೇಳಿದೆ. ಆ ಕಡೆ ತುಂಬ ಹೊತ್ತು ಸದ್ದಿಲ್ಲ. ಬರೆದುಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಡ. ಆಮೇಲೆ, "ಮಂಗಳವಾರ ಬನ್ನಿ. ನೀವೊಬ್ಬರೇ. ಗುಂಪಿನ ವಿಷಯ ಆಮೇಲೆ" ಎಂದು ಇಟ್ಟುಬಿಟ್ಟಳು.

ನನ್ನ ಪೊಲೀಸ್ ಬುದ್ಧಿ ಎದ್ದು ಕೂತಿತು. ಒಂದು ದಿನಕ್ಕೆ ಬಂದುಹೋಗುವ ಮುದುಕರ ಬಗ್ಗೆ ಇಷ್ಟೊಂದು ವಿಚಾರಣೆ ಯಾಕೆ? ಇವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ಅದೇ ಹೊತ್ತಿಗೆ ಟೋನಿ ಇನ್ನೊಂದು ದಾರಿ ಹಿಡಿದಿದ್ದ. ರಿಕ್ ಎನ್ನುವವನೊಬ್ಬ ಆ ದ್ವೀಪದ ಟೂರುಗಳನ್ನು ತಾನೇ ನಡೆಸುತ್ತೇನೆಂದು ಬಣ್ಣದ ಬ್ರೋಷರ್ ಕಳಿಸಿದ್ದ. ಅದರಲ್ಲಿ ಗರಿಯ ಕಿರೀಟ ತೊಟ್ಟ ಮುದುಕ, ಚರ್ಮದ ಡೇರೆಗಳು, ಕೆತ್ತಿದ ಎತ್ತರದ ಮರದ ಕಂಬಗಳು. ಕೆಳಗೆ, ಡೋಲು ಕುಣಿತ ಗ್ಯಾರಂಟಿ ಎಂದಿತ್ತು. ನಾನೇ ರಿಕ್‌ಗೆ ಫೋನು ಮಾಡಿದೆ. ಗಾಲಿ ಕುರ್ಚಿಯವರಿದ್ದಾರೆ ಎಂದೆ, ನೋ ಪ್ರಾಬ್ಲೆಮ್. ಸಸ್ಯಾಹಾರ ಬೇಕು, ನೋ ಪ್ರಾಬ್ಲೆಮ್. ನಮ್ಮ ಬಸ್ಸು ನಲವತ್ತೈದು ಅಡಿ, ಫೆರಿಯೊಳಗೆ ಹೋಗುತ್ತದೆಯೇ ಎಂದೆ. "ನೋ ಪ್ರಾಬ್ಲೆಮ್, ಮೈ ಫ್ರೆಂಡ್!"

ಫೋನಿಟ್ಟು ಫೆರಿಯ ಕಚೇರಿಗೇ ಕೇಳಿದೆ. ಅದು ಎಂಟು ಕಾರು ಹಿಡಿಸುವ ಚಿಕ್ಕ ದೋಣಿ. ಬಸ್ಸು ಅದರ ಹತ್ತಿರಕ್ಕೂ ಹೋಗುವಂತಿಲ್ಲ. ಬ್ರೋಷರಿನಲ್ಲಿದ್ದ ಕೆತ್ತನೆಯ ಕಂಬಗಳು ದೇಶದ ಇನ್ನೊಂದು ತುದಿಯ, ಪಶ್ಚಿಮ ಕರಾವಳಿಯ ಜನರವು ಎನ್ನುವುದನ್ನೂ ಹುಡುಕಿ ತಿಳಿದೆ. ಎರಡನ್ನೂ ಟೋನಿಯ ಮುಂದಿಟ್ಟೆ.

"ಇರಲಿ ಬಿಡು. ನಿನ್ನ ಮುದುಕರಿಗೆ ಕಂಬ ಯಾವ ಕಡೆಯದು ಅಂತ ಗೊತ್ತಾಗುತ್ತಾ? ಆ ಹೆಂಗಸು ನಿನ್ನನ್ನು ಕೋರ್ಟಿಗೆ ಕರೆದ ಹಾಗೆ ಕರೆಯುತ್ತಿದ್ದಾಳೆ. ಇವನು ಎಲ್ಲಕ್ಕೂ ಹೂಂ ಅನ್ನುತ್ತಿದ್ದಾನೆ."

"ಅದಕ್ಕೇ ನನಗೆ ಅವನ ಮೇಲೆ ಅನುಮಾನ" ಎಂದೆ.

"ಅವಳ ಮೇಲೆ?"

"ಅವಳ ಮೇಲೂ."

ಟೋನಿ ನಕ್ಕು, "ಹೋಗಿ ನೋಡಿ ಬಾ" ಎಂದ.

ಮಂಗಳವಾರ ನನ್ನ ಕಾರಿನಲ್ಲೇ ಹೋದೆ. ಮೇ ತಿಂಗಳಾದರೂ ಸರೋವರದ ಗಾಳಿ ಕಿವಿ ಕೊರೆಯುತ್ತಿತ್ತು. ಕಾರು ದಡದಲ್ಲಿ ಬಿಟ್ಟು ದೋಣಿ ಹತ್ತಿದೆ. ಜತೆಗಿದ್ದವರು ಹತ್ತು ಹನ್ನೆರಡು ಜನ. ದಿನಸಿ ಚೀಲ, ಡೈಪರ್ ಪ್ಯಾಕೆಟ್ಟು, ನೀರಿನ ದೊಡ್ಡ ಕ್ಯಾನು. ಎಲ್ಲರೂ ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ನಾನು ನನ್ನ ಕೆಲಸ ಶುರುಮಾಡಿದೆ. ಬೆಂಚು ಎಣಿಸಿದೆ, ಬರೆದುಕೊಂಡೆ. ದ್ವೀಪದ ದೋಣಿಕಟ್ಟೆಯಲ್ಲಿ ಇಳಿದ ಕೂಡಲೇ ಜೇಬಿನಿಂದ ಟೇಪು ತೆಗೆದು ಇಳಿಜಾರು ಹಲಗೆಯ ಅಗಲ ಅಳೆಯತೊಡಗಿದೆ.

ತಗಡಿನ ಮಾಡಿನ ಕೆಳಗೆ ಕೂತಿದ್ದ ಮುದುಕನೊಬ್ಬ ಕೂತಲ್ಲಿಂದಲೇ ಕೇಳಿದ.

"ಏನು ಅಳೆಯುತ್ತಿದ್ದೀರಿ?"

"ನಮ್ಮ ಹಿರಿಯರ ವಾಕರ್ ಹೋಗುತ್ತದೆಯೋ ಅಂತ."

"ಸರ್ಕಾರದವರಾ?"

"ಅಲ್ಲ. ಬಸ್ ಕಂಪನಿ."

ಅವನು ನನ್ನ ಟೇಪನ್ನೂ ಕ್ಲಿಪ್‌ಬೋರ್ಡನ್ನೂ ನೋಡಿದ. "ಇಲ್ಲಿಗೆ ಅಳೆಯಲು ಬಂದವರನ್ನು ಬಹಳ ನೋಡಿದ್ದೇವೆ. ಅಳೆದು ಬರಿಗೈಯಲ್ಲಿ ಹೋದವರು ಯಾರೂ ಇಲ್ಲ" ಎಂದ. ಕೋಪದಿಂದ ಹೇಳಲಿಲ್ಲ. ಇವತ್ತು ಗಾಳಿ ಜೋರು ಎನ್ನುವಂತೆ ಹೇಳಿದ. ಅವನು ವಿಲ್ಫ್ರೆಡ್, ಮಾರ್ಲೀನಳ ಸೋದರಮಾವ, ನನ್ನನ್ನು ಕರೆದೊಯ್ಯಲೆಂದೇ ಅಲ್ಲಿ ಕೂತಿದ್ದವನು ಎನ್ನುವುದು ಅವನು ಎದ್ದು ಪಿಕಪ್ ಟ್ರಕ್ಕಿನ ಬಾಗಿಲು ತೆರೆದಾಗ ತಿಳಿಯಿತು. ಟೇಪು ಜೇಬಿಗೆ ಸೇರಿಸಿದೆ.

ಆಫೀಸಿನಲ್ಲಿ ಕೈತೊಳೆಯಲು ಹೋದರೆ ನಲ್ಲಿಯ ಮೇಲೆ ಚೀಟಿ. ಈ ನೀರನ್ನು ಕುದಿಸದೆ ಕುಡಿಯಬೇಡಿ. ಚೀಟಿಯ ಬಣ್ಣ ಮಾಸಿತ್ತು, ಅಂಚು ಸುರುಳಿ ಸುತ್ತಿತ್ತು. ಅದನ್ನು ಅಂಟಿಸಿ ವರ್ಷಗಳೇ ಆಗಿರಬೇಕು. ಇದನ್ನೇ ಮುಚ್ಚಿಡುತ್ತಿದ್ದರು ಅಂದುಕೊಂಡೆ. ನಮ್ಮ ಹಿರಿಯರಿಗೆ ಬಾಟಲಿ ನೀರು ಎಂದು ಬರೆದುಕೊಂಡೆ.

ಮಾರ್ಲೀನ್ ಐವತ್ತರ ಆಸುಪಾಸಿನವಳು. ನರೆತ ಕೂದಲನ್ನು ಹಿಂದಕ್ಕೆ ಕಟ್ಟಿದ್ದಳು. ಚಹಾ ಕೊಟ್ಟಳು, ಕುದಿಸಿದ್ದೇ ಎಂದು ತಾನಾಗಿ ಹೇಳಿದಳು. ನಾನು ರಿಕ್‌ನ ಬ್ರೋಷರ್ ತೋರಿಸಿ, "ಇವರು ನಿಮಗೆ ಗೊತ್ತಾ?" ಎಂದೆ. ಅವಳು ಅದನ್ನು ಮಾವನತ್ತ ಚಾಚಿದಳು. ವಿಲ್ಫ್ರೆಡ್ ಗರಿಯ ಕಿರೀಟದ ಮುದುಕನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಪಾಪ, ಇವನನ್ನು ಎಲ್ಲಿಂದ ಹಿಡಿದು ತಂದರೋ" ಎಂದ. ರಿಕ್‌ನ ಹೆಸರನ್ನೇ ಅವರು ಕೇಳಿರಲಿಲ್ಲ. ನನ್ನ ಅನುಮಾನ ನಿಜವಾಯಿತೆಂದು ಒಳಗೊಳಗೇ ಹಿಗ್ಗಿದೆ.

ಆಮೇಲೆ ಮಾರ್ಲೀನ್ ಎದ್ದು ಕಪಾಟಿನಿಂದ ಒಂದು ಫೈಲು ತಂದಳು. ಅದರಿಂದ ಒಂದು ಹಾಳೆ ತೆಗೆದು, ನನಗೆ ಓದುವಂತೆ ತಿರುಗಿಸಿ ಮೇಜಿನ ಮೇಲಿಟ್ಟಳು.

ನಮ್ಮ ಕಂಪನಿಯ ಹಾಳೆ. ಎಷ್ಟೋ ವರ್ಷದ ಹಿಂದಿನ, ಎಲೆ ಕೆಂಪಾಗುವ ಕಾಲದ ಟ್ರಿಪ್ಪು. ಬೆಳಿಗ್ಗೆ ಏಳೂವರೆಗೆ ಹೊರಡುವುದು, ಕಾಫಿಗೆ ನಿಲ್ಲುವುದು, ಎಲೆ ನೋಡುವುದು. ನಡುವೆ ಒಂದು ಸಾಲು: "ಫೆರಿ ಪ್ರಯಾಣ. ದ್ವೀಪದಲ್ಲಿ ನಲವತ್ತು ನಿಮಿಷ ಫ್ರೀ ಟೈಮ್. ಹಳೆಯ ಚರ್ಚು ಮತ್ತು ಸ್ಮಶಾನ, ಫೋಟೋಗೆ ಬಹಳ ಚೆನ್ನ." ಕೆಳಗೆ: ಪ್ಲಾನ್ ಮಾಡಿದವರು ಆರ್. ಉಡುಪ.

ನನಗೆ ಆ ಟ್ರಿಪ್ಪು ನೆನಪಿರಲಿಲ್ಲ. ಆ ಸಾಲು ಮಾತ್ರ ನೆನಪಾಯಿತು. ಯಾವುದೋ ಪ್ಯಾಂಫ್ಲೆಟ್ಟಿನಿಂದ ಎತ್ತಿಕೊಂಡಿದ್ದೆ. ಊಟಕ್ಕೂ ಮುಂದಿನ ಸ್ಟಾಪಿಗೂ ನಡುವೆ ಒಂದೂವರೆ ಗಂಟೆ ಖಾಲಿ ಬಿದ್ದಿತ್ತು, ಅದನ್ನು ತುಂಬಲು ಹಾಕಿದ್ದೆ.

ಆ ಎರಡು ನಿಮಿಷದಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಕಂಪನಿಯಲ್ಲಿ ಬೇರೆ ಉಡುಪ ಇದ್ದ ಎನ್ನಬಹುದು. ಆ ಕಾಲದ ಜನ ಯಾರೂ ಈಗಿಲ್ಲ ಎನ್ನಬಹುದು. ಇವಳು ನನ್ನನ್ನು ಸಿಕ್ಕಿಸಲೆಂದೇ ಕರೆಸಿದ್ದಾಳೆ, ಒಪ್ಪಿಕೊಂಡರೆ ಮುಂದೆ ಕೇಸು ಹಾಕಬಹುದು ಎಂದೂ ಯೋಚಿಸಿದೆ. ತಲೆಯೆತ್ತಿದರೆ ಮಾರ್ಲೀನ್ ನನ್ನ ಮುಖವನ್ನೇ ನೋಡುತ್ತಿದ್ದಳು. ಫೋನಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದಾಗ ಈ ಹಾಳೆಯ ಹೆಸರನ್ನೇ ನೋಡುತ್ತಿದ್ದಿರಬೇಕು.

"ಇದು ನಾನು ಬರೆದದ್ದು" ಎಂದೆ.

"ಗೊತ್ತು. ಈ ಹೆಸರು ಇನ್ನೆಲ್ಲೂ ನೋಡಿಲ್ಲ. ನೀವು ಒಪ್ಪುತ್ತೀರೋ ಇಲ್ಲವೋ ನೋಡಬೇಕಿತ್ತು."

ಆಮೇಲೆ ಹೇಳಿದಳು. ಅವತ್ತು ಅವಳ ತಾಯಿಯ ಮಣ್ಣು. ಊರಿಗೆ ಊರೇ ಸ್ಮಶಾನದಲ್ಲಿ ಸೇರಿತ್ತು. ಗಂಡಸರು ಡೋಲು ಹಿಡಿದು ಕೊನೆಯ ಹಾಡು ಹೇಳುತ್ತಿದ್ದಾಗ ಬೇಲಿಯ ಬಳಿ ನಲವತ್ತು ಜನ ಬಂದು ನಿಂತರು. ಕೈಯಲ್ಲಿ ನನ್ನ ಹಾಳೆ, ಕೊರಳಲ್ಲಿ ಕ್ಯಾಮೆರಾ. ಇದು ತಮಗಾಗಿ ಇಟ್ಟ ಕಾರ್ಯಕ್ರಮ ಎಂದು ಅವರು ತಿಳಿದರು. ಹಾಡು ಮುಗಿಯಿತು.

"ಚಪ್ಪಾಳೆ ತಟ್ಟಿದರು" ಎಂದಳು ಮಾರ್ಲೀನ್. "ಅವರು ಕೆಟ್ಟವರಲ್ಲ. ಚೆನ್ನಾಗಿತ್ತು ಅಂತ ತಟ್ಟಿದರು. ಒಬ್ಬ ಹೆಂಗಸಿನ ಕೈಯಿಂದ ಈ ಹಾಳೆ ಬಿತ್ತು. ನಾನು ಎತ್ತಿಟ್ಟುಕೊಂಡೆ."

ವಿಲ್ಫ್ರೆಡ್ ಕಿಟಕಿಯ ಆಚೆ ನೋಡುತ್ತಿದ್ದ. ಸತ್ತವಳು ಅವನ ಅಕ್ಕ.

"ಆಗ ಒಂದು ಫೋನು ಯಾಕೆ ಮಾಡಲಿಲ್ಲ?" ಎಂದು ಕೇಳಿದಳು.

"ಫೋನು ಮಾಡಿದ್ದೆ" ಎಂದೆ. ಅದು ಆ ಹೊತ್ತಿಗೆ ನೆನಪಾಗಿತ್ತು. "ಫೆರಿಯವರಿಗೆ. ಕಟ್ಟೆಯಲ್ಲಿ ವಾಶ್‌ರೂಮ್ ಎಷ್ಟಿದೆ ಅಂತ ಕೇಳಿದ್ದೆ. ದ್ವೀಪದಲ್ಲಿ ಯಾರನ್ನಾದರೂ ಕೇಳಬೇಕು ಅಂತ ತೋಚಲೇ ಇಲ್ಲ."

ಹೇಳಿದ ಮೇಲೆ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಲೋಕವನ್ನೆಲ್ಲ ಶಂಕಿಸಿದವನು ನನ್ನ ಕೈಯಿಂದ ಹೊರಟ ಹಾಳೆಯನ್ನು ಒಂದು ಸಲವೂ ಶಂಕಿಸಿರಲಿಲ್ಲ. ಕ್ಷಮೆ ಕೇಳಿದೆ. ಮಾರ್ಲೀನ್ ಆಗಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಾಳೆಯನ್ನು ಫೈಲಿಗೆ ಸೇರಿಸಿ, "ನಿಮ್ಮ ಗುಂಪಿನವರಿಗೆ ಇದನ್ನು ಹೇಳಿ. ಹೇಳಿದ ಮೇಲೂ ಬರುತ್ತೇವೆ ಎಂದರೆ ಫೋನು ಮಾಡಿ. ನೀವಲ್ಲ. ಆ ಅಜ್ಜಿಯೇ ಮಾಡಲಿ" ಎಂದಳು.

ಟೋನಿಗೆ ಹೇಳಿದೆ. ಅವನು ರಿಕ್‌ನ ಬ್ರೋಷರನ್ನು ಕಸದ ಬುಟ್ಟಿಗೆ ಹಾಕಿ, "ಇದನ್ನು ಬಿಟ್ಟುಬಿಡು ರಾಗ್. ಅವರಿಗೆ ನಯಾಗರಾ ತೋರಿಸು" ಎಂದ. ನನಗೂ ಹಾಗೇ ಅನ್ನಿಸಿತ್ತು. ಆದರೆ ಬುಧವಾರ ಲೈಬ್ರರಿಯಲ್ಲಿ ಎಲ್ಲವನ್ನೂ ಹೇಳಿದೆ, ಹಾಳೆಯ ಕೆಳಗೆ ಯಾರ ಹೆಸರಿತ್ತು ಎನ್ನುವುದನ್ನೂ ಸೇರಿಸಿ. ಮೂವತ್ತೊಂದು ಜನ ನನ್ನನ್ನೇ ನೋಡಿದರು. ನಂಜುಂಡಯ್ಯನವರ ಕೈ ತಾನಾಗಿಯೇ ಕ್ಯಾಮೆರಾದ ಮೇಲೆ ಹೋಯಿತು.

ಶಾಂತಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. "ಕೆಟ್ಟ ಕೆಲಸಾ ಮಾಡೀರಿ" ಎಂದರು. ಸಮಾಧಾನದ ಮಾತು ಬರಬಹುದೆಂದು ಕಾದೆ. ಬರಲಿಲ್ಲ. "ಆಕೀ ನಂಬರ್ ಕೊಡ್ರಿ" ಎಂದರು.

ಅವರಿಬ್ಬರು ಏನು ಮಾತಾಡಿದರೋ ನನಗೆ ತಿಳಿಯದು. ಒಂದು ಗಂಟೆ ಮಾತಾಡಿದರಂತೆ, ಶಾಂತಕ್ಕನ ಧಾರವಾಡದ ಇಂಗ್ಲಿಷಿನಲ್ಲಿ. ವಾರದ ನಂತರ ಮಾರ್ಲೀನಳಿಂದ ಒಂದು ಪುಟದ ಇಮೇಲ್ ಬಂತು. ಜೂನ್ ತಿಂಗಳ ಒಂದು ಶನಿವಾರ. ಸಮುದಾಯ ಭವನದಲ್ಲಿ ಊಟ. ಡೋಲು ಇಲ್ಲ. ಕೇಳದೆ ಯಾರೂ ಫೋಟೋ ತೆಗೆಯುವಂತಿಲ್ಲ. ಸ್ಮಶಾನದ ಕಡೆ ಯಾರೂ ಹೋಗುವಂತಿಲ್ಲ. ಊರಲ್ಲಿ ಸಾವಾದರೆ ಟ್ರಿಪ್ ರದ್ದು, ಅದೇ ದಿನ ಬೆಳಿಗ್ಗೆ ಆದರೂ ಸರಿ. ಹಿರಿಯರನ್ನು ಮಾತಾಡಿಸುವವರು ಮೊದಲು ಸ್ವಲ್ಪ ಹೊಗೆಸೊಪ್ಪು ಕೊಡಬೇಕು, ಅದು ಅವರ ಪದ್ಧತಿ.

ಹೊಗೆಸೊಪ್ಪು ಎಂದೊಡನೆ ಗುಂಪಿನಲ್ಲಿ ಗುಸುಗುಸು ಎದ್ದಿತು. ಕ್ಯಾನ್ಸರ್ ಬರುವ ವಸ್ತುವನ್ನು ಕೈಯಾರೆ ಕೊಡುವುದೇ? ಶಾಂತಕ್ಕ ತಡೆದರು. "ನಾವು ಎಲಿ ಅಡಿಕಿ ಇಟ್ಟು ಕೊಡೂದಿಲ್ಲೇನ್ರಿ? ಅದನ್ನ ಯಾರು ಡಾಕ್ಟರ್ನ ಕೇಳಿ ಕೊಡ್ತಾರ?"

ನಾನೂ ಸುಮ್ಮನಿರಲಿಲ್ಲ. ಅವರ ಬ್ಯಾನಕ್ ರೊಟ್ಟಿಗೆ ಹಂದಿಯ ಕೊಬ್ಬು ಹಾಕುತ್ತಾರೆಂದು ಓದಿ, ಮಾರ್ಲೀನಳಿಗೆ ಬರೆದು ಕೇಳಿದೆ. "ನಿಮಗೆ ಎಣ್ಣೆಯಲ್ಲಿ ಮಾಡುತ್ತೇವೆ. ನಿಮ್ಮವರು ಮುಟ್ಟಿದ ತಟ್ಟೆಯಲ್ಲಿ ನಾವು ತಿನ್ನಬಹುದು ತಾನೆ?" ಎಂದು ಉತ್ತರ ಬಂತು. ಅದು ತಮಾಷೆಯೋ ಚುಚ್ಚುಮಾತೋ ಇವತ್ತಿಗೂ ತಿಳಿದಿಲ್ಲ.

ಪ್ಲಾನರ್ ಟ್ರಿಪ್ಪಿನ ಜತೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಆ ಶನಿವಾರ ನಾನು ಹೋದೆ. ಬೆಳಿಗ್ಗೆ ಆರಕ್ಕೆ ಮಾರ್ಲೀನಳಿಗೆ ಫೋನು ಮಾಡಿ ಊರಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದೆ. "ಈವರೆಗೆ" ಎಂದಳು. ದಡದಲ್ಲಿ ಬಸ್ಸಿಳಿದು ದೋಣಿ ಹತ್ತಿದೆವು. ಕ್ಯಾಮೆರಾ ಬಸ್ಸಿನಲ್ಲೇ ಬಿಡಿ ಎಂದರೂ ನಂಜುಂಡಯ್ಯ ಬಿಟ್ಟಿರಲಿಲ್ಲ, ಅಂಗಿಯೊಳಗೆ ಇಳಿಬಿಟ್ಟುಕೊಂಡಿದ್ದರು. ಹೊಟ್ಟೆ ಉಬ್ಬಿದಂತೆ ಕಾಣುತ್ತಿತ್ತು. ನಾನು ಅವರ ಮೇಲೆ ಕಣ್ಣಿಟ್ಟೆ.

ಭವನದಲ್ಲಿ ಮೊದಲ ಅರ್ಧ ಗಂಟೆ ಕಷ್ಟದ್ದು. ಅವರ ಹಿರಿಯರು ಒಂದು ಗೋಡೆಗೆ, ನಮ್ಮವರು ಎದುರು ಗೋಡೆಗೆ, ನಡುವೆ ಖಾಲಿ ನೆಲ. ಯಾರು ಯಾರನ್ನು ನೋಡಲು ಬಂದವರು ಎನ್ನುವುದೇ ಗೊತ್ತಾಗುವಂತಿರಲಿಲ್ಲ. ಶಾಂತಕ್ಕ ಎದ್ದು, ಸೀರೆಯ ಸೆರಗು ಸರಿಮಾಡಿಕೊಂಡು, ಆ ಖಾಲಿ ನೆಲ ದಾಟಿ ಹೋಗಿ ವಿಲ್ಫ್ರೆಡ್‌ನ ಕೈಯಲ್ಲಿ ಹೊಗೆಸೊಪ್ಪಿನ ಪೊಟ್ಟಣ ಇಟ್ಟರು. ಅವನು ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿದ. ಶಾಂತಕ್ಕ ಕೂತರು. ಆಮೇಲೆ ಒಬ್ಬೊಬ್ಬರೇ ಎದ್ದರು. ಅಕ್ಕಿಯಂಥ ಕಪ್ಪು ಕಾಳಿನ ಅನ್ನ, ಕುಂಬಳಕಾಯಿ, ಬಿಸಿ ಬ್ಯಾನಕ್ ಬಂದವು. ನಮ್ಮವರು ತಂದ ಚಕ್ಕುಲಿ ಹೋಯಿತು. ಮೊಮ್ಮಕ್ಕಳ ಮಾತು, ಮಂಡಿನೋವಿನ ಮಾತು.

ಮೂರು ಗಂಟೆಗೆ ಎಣಿಸಿದೆ. ಮೂವತ್ತು. ಇನ್ನೊಂದು ಸಲ ಎಣಿಸಿದೆ. ಮೂವತ್ತೇ. ನಂಜುಂಡಯ್ಯ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೊರಗೆ ಬಂದು ವಾಶ್‌ರೂಮ್ ನೋಡಿದೆ, ಕಟ್ಟೆಯ ರಸ್ತೆ ನೋಡಿದೆ. ಆಮೇಲೆ ಚರ್ಚಿನ ಗೋಪುರ ಕಾಣುವ ಕಡೆ ಓಡಿದೆ. ಅರವತ್ತೈದರ ಮೊಣಕಾಲಿನಲ್ಲಿ ಎಷ್ಟು ಓಡಲಾಗುತ್ತದೋ ಅಷ್ಟು. ಅಂಗಿಯೊಳಗಿನ ಕ್ಯಾಮೆರಾ ನನ್ನ ಕಣ್ಣಮುಂದಿತ್ತು. ಎರಡನೇ ಸಲವೂ ನನ್ನ ಗುಂಪೇ ಆಯಿತಲ್ಲ ಎಂದುಕೊಂಡೆ.

ಸ್ಮಶಾನದಲ್ಲಿ ಯಾರೂ ಇರಲಿಲ್ಲ. ತಗ್ಗು ಮರದ ಬೇಲಿ, ಬಿಳಿ ಶಿಲುಬೆಗಳು, ಕೆಲವಕ್ಕೆ ಕಟ್ಟಿದ ಬಣ್ಣದ ಬಟ್ಟೆ ಗಾಳಿಗೆ ಆಡುತ್ತಿತ್ತು. ಗೇಟಿಗೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತೆ. ಹಿಂದಿನಿಂದ ಕಲ್ಲಿನ ಮೇಲೆ ಹೆಜ್ಜೆ ಸದ್ದು ಕೇಳಿತು.

"ಇಲ್ಲೇನು ಮಾಡುತ್ತಿದ್ದೀರಿ?" ಮಾರ್ಲೀನ್.

ಯಾರೂ ಬರಕೂಡದೆಂದು ಮೂವತ್ತೊಂದು ಜನರಿಗೆ ಹೇಳಿದ ನಾನೇ ಅಲ್ಲಿ ನಿಂತಿದ್ದೆ. ಕೈಯನ್ನು ಗೇಟಿನಿಂದ ತೆಗೆದೆ. "ಒಬ್ಬರು ಕಾಣುತ್ತಿಲ್ಲ. ಇಲ್ಲಿಗೆ ಬಂದಿರಬಹುದು ಅಂತ..."

"ಕ್ಯಾಮೆರಾದ ಮುದುಕರಾ? ಅವರು ಪಂಪ್‌ಹೌಸಿನಲ್ಲಿದ್ದಾರೆ. ನಲ್ಲಿಯ ಮೇಲಿನ ಚೀಟಿ ನೋಡಿ, ಯಾಕೆ ಹೀಗೆ ಅಂತ ಕೇಳಿದರು. ವಿಲ್ಫ್ರೆಡ್ ಕರೆದುಕೊಂಡು ಹೋದ. ಇಪ್ಪತ್ತು ವರ್ಷ ಅದನ್ನು ನೋಡಿಕೊಂಡವನು ಅವನೇ. ಒಂದು ಗಂಟೆಯಿಂದ ಅವನು ಹೇಳುತ್ತಿದ್ದಾನೆ, ಇವರು ಕೇಳುತ್ತಿದ್ದಾರೆ."

"ಏನಾದರೂ ಸರಿಮಾಡುತ್ತೇನೆ ಅಂದರಾ?"

"ಇಲ್ಲ. ಅದಕ್ಕೇ ವಿಲ್ಫ್ರೆಡ್ ಇನ್ನೂ ಮಾತಾಡುತ್ತಿದ್ದಾನೆ."

ನನ್ನ ಉಸಿರು ಹತೋಟಿಗೆ ಬರುವವರೆಗೆ ಅವಳು ಕಾದಳು. ಆಮೇಲೆ ನನ್ನನ್ನು ದಾಟಿ ಹೋಗಿ ಗೇಟು ತೆರೆದಳು.

"ಬಂದಿದ್ದೀರಲ್ಲ, ಬನ್ನಿ."

ಮೂರನೆಯ ಸಾಲಿನ ತುದಿಯಲ್ಲಿ ಅವಳ ತಾಯಿ. ಶಿಲುಬೆಯ ಬುಡದಲ್ಲಿ ಒಂದು ಚಹಾದ ಕಪ್ಪು ಇತ್ತು, ಹೂ ಚಿತ್ರದ್ದು. ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. ಇಂಗ್ಲಿಷಿನಲ್ಲಿ ಏನಾದರೂ ಹೇಳಬೇಕೆಂದುಕೊಂಡೆ, ಬಾಯಿಗೆ ಬಂದದ್ದು "ತಪ್ಪಾಯಿತಮ್ಮ" ಎನ್ನುವ ಒಂದೇ ಮಾತು. ಮಾರ್ಲೀನ್ ಅರ್ಥ ಕೇಳಲಿಲ್ಲ.

"ಫೆರಿಗೆ ಹದಿನೈದು ನಿಮಿಷ ಇದೆ" ಎಂದಳು. "ತಡ ಮಾಡಬೇಡಿ ಅಂತ ಎಲ್ಲರಿಗೂ ಬೆಳಿಗ್ಗೆ ಹೇಳಿದವರು ನೀವೇ."

ನಂಜುಂಡಯ್ಯ ಕಟ್ಟೆಯಲ್ಲಿ ನಮಗಾಗಿ ಕಾಯುತ್ತಿದ್ದರು. ಕ್ಯಾಮೆರಾ ಅಂಗಿಯೊಳಗೇ ಇತ್ತು. ಅವರನ್ನು ಶಂಕಿಸಿದ್ದನ್ನು ಅವರಿಗೆ ನಾನು ಹೇಳಲಿಲ್ಲ, ಇದನ್ನು ಓದಿದರೆ ತಿಳಿದುಕೊಳ್ಳಲಿ.

ಅದೇ ವರ್ಷದ ಕೊನೆಗೆ ಕೆಲಸ ಬಿಟ್ಟೆ. ಬಿಡುವ ಮೊದಲು ಕಂಪ್ಯೂಟರಿನಲ್ಲಿದ್ದ ನನ್ನ ಹೆಸರಿನ ಹಾಳೆಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಫ್ರೀ ಟೈಮ್ ಎಂದು ಎಲ್ಲೆಲ್ಲಿ ಬರೆದಿದ್ದೆನೋ ಅಲ್ಲಿ ಯಾರಿರುತ್ತಾರೆ, ಅವರನ್ನು ಕೇಳಿದೆನೇ ಎಂದು ನೋಡಿದೆ. ಬಹಳ ಕಡೆ ಕೇಳಿರಲಿಲ್ಲ. ಅಳಿಸಿದೆ. ಈಗ ಆ ಕುರ್ಚಿಯಲ್ಲಿ ಕೂತಿರುವವರಿಗೆ ಹಳೆಯ ಹಾಳೆ ಸಿಗದೆ ಕಷ್ಟವಾಗಿದ್ದರೆ, ಅದಕ್ಕೆ ನಾನೇ ಕಾರಣ. ಫೋನೆತ್ತಿ ಮಾತಾಡಿ.

ಆ ಶನಿವಾರ ದೋಣಿ ಕಟ್ಟೆ ಬಿಟ್ಟಾಗ ನಾನು ನಮ್ಮವರನ್ನು ಎಣಿಸುತ್ತಿದ್ದೆ. ಮೂವತ್ತೊಂದು. ತಲೆಯೆತ್ತಿ ನೋಡಿದರೆ ದಡದಲ್ಲಿ ಮಾರ್ಲೀನ್ ಕೂಡ ಬೆರಳು ಮಡಿಸುತ್ತಾ ನಮ್ಮ ತಲೆ ಎಣಿಸುತ್ತಿದ್ದಳು, ಯಾರೂ ಹಿಂದೆ ಉಳಿದಿಲ್ಲ ತಾನೆ ಎಂದು. ನಮ್ಮ ಮೇಲೆ ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಎಣಿಸಿ ಮುಗಿಸಿದ ಮೇಲೆ ಒಂದು ಸಲ ಕೈಯೆತ್ತಿದಳು. ಶಾಂತಕ್ಕ ಎರಡೂ ಕೈ ಎತ್ತಿದರು.